ಚದುರಿದ ಊರನ್ನು ಮತ್ತೆ ಮಂದ್‌ಗೆ ಕರೆಯುವುದು ಹೇಗೆ?

2018ರ ಆಗಸ್ಟ್ ಮಧ್ಯದಲ್ಲಿ ಮಡಿಕೇರಿ ಸುತ್ತಮುತ್ತಲಿನ ಬೆಟ್ಟಗಳು ಜರಿದವು. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ದೇವಸ್ತೂರು, ಹೆಬ್ಬೆಟ್ಟಗೇರಿ, ಮೊಣ್ಣಂಗೇರಿ, ಜೋಡುಪಾಲ. ಈ ಹೆಸರುಗಳನ್ನು ಆ ವಾರ ಇಡೀ ರಾಜ್ಯ ಕೇಳಿತು. ಮರುವರ್ಷ ವಿರಾಜಪೇಟೆ ಕಡೆಯ ತೋರದಲ್ಲಿ ಬರೆ, ಅಂದರೆ ಗುಡ್ಡದ ಇಳಿಜಾರು, ಕುಸಿಯಿತು. ಕರಡಿಗೋಡು, ನೆಲ್ಯಹುದಿಕೇರಿಯಲ್ಲಿ ಕಾವೇರಿ ಮನೆಯೊಳಗೆ ಬಂದಳು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿಯೇ ಜಾರಿತು.

ಆಮೇಲೆ ಜಂಬೂರು, ಕರ್ಣಂಗೇರಿ, ಮದೆ ಕಡೆಗಳಲ್ಲಿ ಹೊಸ ಮನೆಗಳು ಎದ್ದವು. ಆದರೆ ಒಂದೇ ಬೇಲಿಯ ಆಚೆ ಈಚೆ ಇದ್ದ ಎರಡು ಮನೆಯವರಲ್ಲಿ ಒಬ್ಬರು ಜಂಬೂರಿಗೆ ಹೋದರು, ಇನ್ನೊಬ್ಬರು ಕುಶಾಲನಗರದಲ್ಲಿ ಬಾಡಿಗೆಗೆ ಇದ್ದಾರೆ. ಮಕ್ಕಳು ಮೈಸೂರು, ಬೆಂಗಳೂರು ಸೇರಿಕೊಂಡರು. ಊರಿನ ಹೆಸರು ಪಹಣಿಯಲ್ಲಿ ಉಳಿಯಿತು, ಊರಿನವರು ಉಳಿಯಲಿಲ್ಲ.

ನಮ್ಮ ಊರೂ ಅಂಥದ್ದೇ. ನಾವು ಹತ್ತು ಹನ್ನೆರಡು ಹುಡುಗ ಹುಡುಗಿಯರು ಸೇರಿ ಹೊಸ ಭತ್ತದ ಕದಿರನ್ನು ಮನೆಗೆ ತರುವ ಕೊಡಗಿನ ಹುತ್ತರಿ ಹಬ್ಬದ ನೆಪದಲ್ಲಿ ಎಲ್ಲರನ್ನೂ ಒಂದು ದಿನಕ್ಕಾದರೂ ಮಂದ್‌ಗೆ, ಅಂದರೆ ಊರವರು ಸೇರಿ ಕುಣಿಯುವ ಬಯಲಿಗೆ, ವಾಪಸ್ ಕರೆಸಬೇಕು ಅಂತ ಹೊರಟೆವು. ಮೊದಲ ಸಲ ತಪ್ಪುಗಳನ್ನೂ ಮಾಡಿದೆವು. ಇಂಥದ್ದನ್ನು ಮಾಡಬೇಕು ಅಂದುಕೊಂಡಿರುವ ಬೇರೆ ಊರಿನ ಯುವಕರಿಗೆ ಉಪಯೋಗ ಆಗಲಿ ಅಂತ ನಾವು ಕಲಿತದ್ದನ್ನು ಬರೆಯುತ್ತಿದ್ದೇನೆ.

1. ಮೊದಲು ಕೇಳಿ: ಹಬ್ಬ ಬೇಕಾ?

ದಿನಾಂಕ, ಶಾಮಿಯಾನ, ಮೈಕ್ ಎಲ್ಲ ಆಮೇಲೆ. ಮೊದಲು ಮನೆ ಮನೆಗೆ ಹೋಗಿ. ಫೋನ್ ಸಾಲದು, ವಾಟ್ಸಾಪ್ ಅಂತೂ ಬೇಡವೇ ಬೇಡ. ಇಬ್ಬಿಬ್ಬರಾಗಿ ಹೋಗಿ, ಅವರು ಕೊಟ್ಟ ಕಾಫಿ ಕುಡಿಯಿರಿ, ಅವರ ಮಾತು ಮುಗಿಯುವವರೆಗೂ ಕೂತಿರಿ. ಹಬ್ಬದ ವಿಷಯ ಕೊನೆಗೆ ಎತ್ತಿ.

ಕೆಲವರು ಬೇಡ ಅನ್ನುತ್ತಾರೆ. ಸಾವಾದ ಮನೆಯವರಿಗೆ ಆ ಮಣ್ಣಿನ ಮೇಲೆ ಕೋಲಾಟ ನೋಡುವ ಮನಸ್ಸು ಬೇಗ ಬರುವುದಿಲ್ಲ. ಅವರನ್ನು ಒಪ್ಪಿಸಲು ಹೋಗಬೇಡಿ. "ಈ ವರ್ಷ ಬೇಡ ಅಂದ್ರೆ ಬೇಡ, ಮುಂದಿನ ವರ್ಷ ಮತ್ತೆ ಬಂದು ಕೇಳ್ತೀವಿ" ಅಂತ ಹೇಳಿ ಬನ್ನಿ. ಹೇಳಿದ ಹಾಗೆ ಮುಂದಿನ ವರ್ಷ ಹೋಗಿ.

ಹೊಸ ಮನೆಯ ಜಗಲಿಯಲ್ಲಿ ಕೂತಿದ್ದ ಒಬ್ಬ ಅಜ್ಜಿ ನಮ್ಮ ಮಾತನ್ನೆಲ್ಲ ಕೇಳಿ ತುಂಬಾ ಹೊತ್ತು ಸುಮ್ಮನಿದ್ದರು. ಬೇಡ ಅನ್ನುತ್ತಾರೇನೋ ಅಂದುಕೊಂಡೆವು. ಅವರು ಕೇಳಿದ್ದು ಬೇರೆಯೇ: "ನೆರೆ ಕಟ್ಟೋಕೆ ಎಲೆ ಯಾರು ತರ್ತೀರಿ? ಇಲ್ಲಿ ಆ ಮರ ಇಲ್ಲವಲ್ಲ." ಇಲ್ಲಿ ನೆರೆ ಅಂದರೆ ಪ್ರವಾಹ ಅಲ್ಲ, ಹೊಸ ಕದಿರಿನ ಜೊತೆ ಕಟ್ಟುವ ಎಲೆಗಳ ಕಟ್ಟು. ಹುತ್ತರಿಗೆ ನೆರೆ ಕಟ್ಟಲು ಐದು ಬಗೆಯ ಮರದ ಎಲೆ ಬೇಕು. ಆ ಮರಗಳು ಹಳೆಯ ಮನೆಯ ಹಿಂದೆ ಇದ್ದವು. ನಮ್ಮ ಕೆಲಸದ ಮೊದಲ ಪಟ್ಟಿ ಅವತ್ತು ಆ ಜಗಲಿಯಲ್ಲೇ ತಯಾರಾಯಿತು.

2. ಒಂದು ನೋಟ್‌ಬುಕ್ ಇಡಿ

ಇನ್ನೂರು ಪುಟದ ಸಾದಾ ನೋಟ್‌ಬುಕ್ ಸಾಕು. ಮೊಬೈಲ್‌ನಲ್ಲೂ ಒಂದು ಪ್ರತಿ ಇರಲಿ. ಒಂದು ಮನೆಗೆ ಒಂದು ಪುಟ. ಯಜಮಾನರ ಹೆಸರು, ಈಗ ಎಲ್ಲಿದ್ದಾರೆ, ಮನೆಯಲ್ಲಿ ಎಷ್ಟು ಜನ, ನಡೆಯಲು ಆಗದವರು ಯಾರು, ದಿನಾ ಮಾತ್ರೆ ತೆಗೆದುಕೊಳ್ಳುವವರು ಯಾರು, ಜೀಪ್ ಅಥವಾ ಪಿಕಪ್ ಯಾರ ಹತ್ತಿರ ಇದೆ, ಯಾರಿಗೆ ಯಾವ ಹಾಡು ಬರುತ್ತದೆ, ಯಾರು ದುಡಿ ಅನ್ನುವ ಸಣ್ಣ ವಾದ್ಯ ಬಾರಿಸುತ್ತಾರೆ.

ಮುಖ್ಯವಾದ ಮಾತು ಇಲ್ಲಿದೆ. ಊರಿನಲ್ಲಿ ಜಮೀನು ಇದ್ದವರ ಹೆಸರಷ್ಟೇ ಬರೆದರೆ ಅರ್ಧ ಊರು ಬಿಟ್ಟುಹೋಗುತ್ತದೆ. ತೋಟದ ಲೈನ್‌ಮನೆಯಲ್ಲಿದ್ದ (ಕೆಲಸದವರಿಗಾಗಿ ಸಾಲಾಗಿ ಕಟ್ಟಿದ ಮನೆ) ಕೆಲಸದವರೂ ಆ ಮಳೆಯಲ್ಲಿ ಎಲ್ಲ ಕಳೆದುಕೊಂಡರು. ಮನೆ ಅವರ ಹೆಸರಿನಲ್ಲಿ ಇಲ್ಲದವರಿಗೆ ನಷ್ಟ ತೋರಿಸುವುದೂ ಕಷ್ಟ. ಕೊಡವರು, ಅರೆಭಾಷೆ ಗೌಡರು, ಐರಿ, ಹೆಗ್ಗಡೆ, ಮೇದ, ಕೆಂಬಟ್ಟಿ, ಎರವ, ಕುಡಿಯ, ಮಲಯಾಳಿ, ಬ್ಯಾರಿ, ತುಳು ಮಾತನಾಡುವವರು, ಎಲ್ಲರೂ ಸೇರಿಯೇ ನಮ್ಮ ಊರುಗಳು ಆಗಿವೆ. ವಾಲಗ ಊದುವವರು ಬರದೆ ಹುತ್ತರಿ ನಡೆದದ್ದು ಯಾವಾಗ? ಅವರನ್ನು ಬಾಡಿಗೆಗೆ ಕರೆಯುವ ಹಾಗೆ ಕರೆಯಬೇಡಿ. ಊರಿನವರಾಗಿ ಕರೆಯಿರಿ, ಅವರ ಸಂಭಾವನೆಯನ್ನೂ ಮೊದಲೇ ಮಾತಾಡಿ.

3. ಯಾವ ಹಬ್ಬ, ಯಾವಾಗ?

ಹೊಸ ಉತ್ಸವ ಹುಟ್ಟುಹಾಕುವ ಆಸೆ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಬೇಡ. ಹಿರಿಯರಿಗೆ ಕೈಬೆರಳ ತುದಿಯಲ್ಲಿ ಗೊತ್ತಿರುವ ಹಬ್ಬವನ್ನೇ ಹಿಡಿಯಿರಿ. ಆಗ ಹೇಳಿಕೊಡುವ ಜಾಗದಲ್ಲಿ ಅವರು ಇರುತ್ತಾರೆ, ಕಲಿಯುವ ಜಾಗದಲ್ಲಿ ನೀವು. ಮನೆ ಕಳೆದುಕೊಂಡು ವರ್ಷಗಟ್ಟಲೆ ಅರ್ಜಿ ಹಿಡಿದು ಓಡಾಡಿದವರಿಗೆ, ತಮ್ಮನ್ನು ಯಾರೋ ಕೇಳಿ ಕಲಿಯುತ್ತಿದ್ದಾರೆ ಅನ್ನುವುದು ಸಣ್ಣ ವಿಷಯ ಅಲ್ಲ.

ಕಕ್ಕಡ ತಿಂಗಳ ಹದಿನೆಂಟನೇ ದಿನದ ಹಬ್ಬ, ಕಕ್ಕಡ ಹದಿನೆಂಟು, ಆಗಸ್ಟ್ ಶುರುವಿನಲ್ಲಿ ಬರುತ್ತದೆ. ಮದ್ದುಸೊಪ್ಪಿನ ಪಾಯಸ ಮನೆಮನೆಯಲ್ಲಿ ಆಗಲಿ, ಆದರೆ ಜನ ಸೇರಿಸಲು ಅದು ಸರಿಯಾದ ಕಾಲ ಅಲ್ಲ. ಮಳೆಯ ನಡುವೆ ಇರುತ್ತೇವೆ, ದುರಂತದ ನೆನಪಿನ ದಿನಗಳೂ ಅವೇ. ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತ ಸೆಪ್ಟೆಂಬರ್ ಮೊದಲ ವಾರ, ಆಗಲೂ ನೆಲ ನೀರು ಕುಡಿದುಕೊಂಡೇ ಇರುತ್ತದೆ. ಹುತ್ತರಿ ನವೆಂಬರ್ ಕೊನೆ ಅಥವಾ ಡಿಸೆಂಬರ್‌ನಲ್ಲಿ. ಮಳೆ ನಿಂತಿರುತ್ತದೆ, ಹೊರಗಿನವರಿಗೂ ರಜೆ ಹಾಕಿ ಬರಲು ಸುಲಭ. ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ಮುಹೂರ್ತ ನಿಗದಿ ಆದ ಕೂಡಲೇ ಎಲ್ಲರಿಗೂ ತಿಳಿಸಿ. ಅರೇಬಿಕಾ ಕಾಫಿ ಕುಯ್ಲು ಅದೇ ಸಮಯಕ್ಕೆ ಬೀಳುತ್ತದೆ, ಆದ್ದರಿಂದ ತೋಟದವರ ಜೊತೆ ಕೆಲಸದವರ ರಜೆಯ ಬಗ್ಗೆ ಮೊದಲೇ ಮಾತಾಡಿಕೊಳ್ಳಿ. ಸೋಮವಾರಪೇಟೆ ಕಡೆಯವರಿಗೆ ಸುಗ್ಗಿ ಹಬ್ಬ ಇದೆ, ಅದೂ ಚೆನ್ನಾಗಿ ಒದಗುತ್ತದೆ.

ಕದಿರು ತೆಗೆಯುವುದು ರಾತ್ರಿಯ ಮುಹೂರ್ತದಲ್ಲಿ. ದೂರದಿಂದ ಬರುವ ವಯಸ್ಸಾದವರಿಗೆ ಅದು ಕಷ್ಟ. ನಾವು ಕದಿರನ್ನು ರಾತ್ರಿಯೇ ತೆಗೆದು, ಊರೊಟ್ಟಿನ ಕೂಟವನ್ನು ಮರುದಿನ ಹಗಲು ಮಂದ್‌ನಲ್ಲಿ ಇಟ್ಟುಕೊಂಡೆವು. ಹಿರಿಯರನ್ನು ಕೇಳಿಯೇ ಹಾಗೆ ಮಾಡಿದ್ದು.

4. ಒಂದು ಮಡಿ ಗದ್ದೆಯನ್ನಾದರೂ ನೀವೇ ಎಬ್ಬಿಸಿ

ಇಡೀ ಕೆಲಸದಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸಿದ್ದು ಇದು. ಹುತ್ತರಿ ಅಂದರೆ ಹೊಸ ಕದಿರು. ಗದ್ದೆಯೇ ಮರಳಿನಡಿ ಹೋದ ಊರಿಗೆ ಕದಿರು ಎಲ್ಲಿಂದ? ಮೊದಲ ವರ್ಷ ಪಕ್ಕದ ಊರಿನವರು ಕೊಟ್ಟರು. ಸಂತೋಷದಿಂದಲೇ ಕೊಟ್ಟರು. ಆದರೂ ಕದಿರು ಹಿಡಿದ ನಮ್ಮ ಹಿರಿಯರ ಮುಖ ನೋಡಿ, ಮುಂದಿನ ವರ್ಷ ನಮ್ಮದೇ ಗದ್ದೆಯಲ್ಲಿ ಬೆಳೆಯಬೇಕು ಅಂತ ನಿರ್ಧಾರ ಮಾಡಿದೆವು.

ದೊಡ್ಡದು ಬೇಡ, ಹತ್ತು ಸೆಂಟ್ ಸಾಕು. ಹೊಳೆಯಿಂದ ದೂರ ಇರುವ, ಮಣ್ಣು ತೆಳ್ಳಗೆ ಬಿದ್ದಿರುವ ಮಡಿ ಹುಡುಕಿ. ಮಾಲೀಕರ ಒಪ್ಪಿಗೆ ಪಡೆಯಿರಿ. ಬೇಸಿಗೆಯಲ್ಲಿ, ಮಳೆ ಹಿಡಿಯುವ ಮೊದಲೇ, ಮೇಲಿನ ಮರಳನ್ನು ಬುಟ್ಟಿಯಲ್ಲಿ ಹೊತ್ತು ಬದುವಿನ ಮೇಲೆ ಹಾಕಿ. ಜೆಸಿಬಿ ತಂದರೆ ಒಂದು ಗಂಟೆಯ ಕೆಲಸ, ನಿಜ. ಆದರೆ ಹಳೆಯ ಮೇಲ್ಮಣ್ಣು ಕೂಡ ಮರಳಿನ ಜೊತೆ ಹೋಗಿಬಿಡುತ್ತದೆ. ಬುಟ್ಟಿಯಲ್ಲಾದರೆ ಕೆಳಗಿನ ಕಪ್ಪು ಮಣ್ಣು ಕಂಡ ಕೂಡಲೇ ನಿಲ್ಲಿಸಬಹುದು. ನಮಗೆ ಒಂದೂವರೆ ಅಡಿ ಕೆಳಗೆ ಅದು ಸಿಕ್ಕಿತು. ಜೊತೆಗಿದ್ದ ಮಾವ ಒಂದು ಹಿಡಿ ತೆಗೆದು, ಬೆರಳಲ್ಲಿ ಉಜ್ಜಿ, ಮೂಸಿ ನೋಡಿ, ಮಾತಾಡದೆ ಪಕ್ಕದವರ ಕೈಗೆ ಕೊಟ್ಟರು. ಆ ಹಿಡಿ ಮಣ್ಣು ಎಲ್ಲರ ಕೈಯನ್ನೂ ಸುತ್ತಿ ಬಂತು.

ಗುಡ್ಡದ ಒಳಗಿನಿಂದ ಬಂದ ಮಣ್ಣಿನಲ್ಲಿ ಸತ್ವ ಕಡಿಮೆ. ಕೊಟ್ಟಿಗೆ ಗೊಬ್ಬರ, ಹಸಿರು ಸೊಪ್ಪು ಧಾರಾಳವಾಗಿ ಹಾಕಬೇಕು. ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಸಲಹೆ ಕೇಳಿ, ಮಣ್ಣು ಪರೀಕ್ಷೆ ಮಾಡಿಸಿ. ಸಸಿಮಡಿ ಜೂನ್‌ನಲ್ಲಿ, ನಾಟಿ ಜುಲೈನಲ್ಲಿ. ನಾಟಿ ದಿನ ಗುಡ್ಡದ ಮೇಲೆ ಜೋರು ಮಳೆ ಇದ್ದರೆ ಮುಂದೂಡಿ. ಇಳುವರಿ ಲೆಕ್ಕ ಹಾಕಲು ಹೋಗಬೇಡಿ, ಹಬ್ಬಕ್ಕೆ ಒಂದು ಹಿಡಿ ಕದಿರು ಬಂದರೆ ಆಯಿತು.

5. ಜಾಗ ನೋಡುವುದು

ಹಳೆಯ ಮಂದ್ ಉಳಿದಿದ್ದರೆ ಅಲ್ಲೇ ಮಾಡಿ. ಆದರೆ ಸೇರುವ ಮೊದಲು ಮೇಲಿನ ಬರೆ ನೋಡಿ. ನೆಲದಲ್ಲಿ ಬಿರುಕು, ಓರೆಯಾದ ಮರ, ಹೊಸದಾಗಿ ಹುಟ್ಟಿದ ಜಲ, ಕೆಂಪಗೆ ಬರುವ ಒರತೆ ನೀರು, ಇವುಗಳಲ್ಲಿ ಒಂದು ಕಂಡರೂ ಅಲ್ಲಿ ಬೇಡ. ಪಂಚಾಯ್ತಿ ಮೂಲಕ ತಿಳಿದವರನ್ನು ಕರೆಸಿ ತೋರಿಸಿ.

ವೇದಿಕೆಗಾಗಿ, ಪಾರ್ಕಿಂಗ್‌ಗಾಗಿ ಬರೆ ಕಡಿದು ಸಮತಟ್ಟು ಮಾಡಬೇಡಿ. 2018ರ ಕುಸಿತಗಳಿಗೆ ಅತಿಯಾದ ಮಳೆಯ ಜೊತೆಗೆ, ರಸ್ತೆಗೆ, ಕಟ್ಟಡಕ್ಕೆ ಇಳಿಜಾರನ್ನು ಕಡಿದದ್ದೂ ಕಾರಣ ಅಂತ ಭೂವಿಜ್ಞಾನಿಗಳು ಹೇಳಿದ್ದಾರೆ. ನೋವು ಉಂಡ ಊರಿನ ಹಬ್ಬಕ್ಕೆ ಮತ್ತೆ ಗುಡ್ಡ ಕಡಿಯುವುದಾದರೂ ಹೇಗೆ?

ಗ್ರಾಮ ಪಂಚಾಯ್ತಿಗೆ, ಪೊಲೀಸ್ ಠಾಣೆಗೆ ಬರವಣಿಗೆಯಲ್ಲಿ ತಿಳಿಸಿ. ಧ್ವನಿವರ್ಧಕಕ್ಕೆ ಅನುಮತಿ ಬೇಕು, ರಾತ್ರಿ 10ರ ಮೇಲೆ ಬೆಳಿಗ್ಗೆ 6ರವರೆಗೆ ಹಾಕುವಂತಿಲ್ಲ. ಆಂಬುಲೆನ್ಸ್ ಎಲ್ಲಿಂದ ಬರುತ್ತದೆ, ಯಾವ ತಿರುವಿನವರೆಗೆ ಬರಬಹುದು ಅಂತ ನೋಡಿಡಿ.

6. ಗುಂಡು ಮತ್ತು ಕೆಸರು

ಕದಿರು ತೆಗೆದ ಕೂಡಲೇ ಕೋವಿಯಿಂದ ಗಾಳಿಯಲ್ಲಿ ಗುಂಡು ಹಾರಿಸುವುದು ಪದ್ಧತಿ. ಕೋವಿ ಇಟ್ಟುಕೊಳ್ಳಲು ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಲೈಸೆನ್ಸ್‌ನಿಂದ ವಿನಾಯ್ತಿ ಇದೆ. ಆದರೆ ಆ ರಾತ್ರಿ ಗುಡ್ಡ ಜಾರಿದಾಗ ಕೇಳಿದ್ದು ಕೂಡ ಗುಂಡಿನಂಥ ಸದ್ದೇ ಅಂತ ತುಂಬಾ ಜನ ಹೇಳುತ್ತಾರೆ. ಮೊದಲ ವರ್ಷ ನಾವು ಇದನ್ನು ಯೋಚಿಸಲಿಲ್ಲ. ಗುಂಡು ಹಾರಿದಾಗ ಗದ್ದೆ ಬದುವಿನ ಮೇಲೆ ನಿಂತಿದ್ದ ಒಬ್ಬರು ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು ಕುಕ್ಕರುಗಾಲಲ್ಲಿ ಕೂತುಬಿಟ್ಟರು. "ಪೊಲಿ ಪೊಲಿ ದೇವಾ" ಅನ್ನುವ ಕೂಗು ಅಲ್ಲಿಗೇ ನಿಂತಿತು. ಪಕ್ಕದಲ್ಲಿದ್ದವರು ಅವರ ಹೆಗಲು ಹಿಡಿದುಕೊಂಡು ಹಾಗೇ ಕೂತರು.

ಮರುವರ್ಷದಿಂದ ಹೀಗೆ ಮಾಡುತ್ತಿದ್ದೇವೆ. ಯಾವಾಗ, ಎಷ್ಟು ಗುಂಡು ಅಂತ ಮೊದಲೇ ಎಲ್ಲರಿಗೂ ಹೇಳುತ್ತೇವೆ. ಬೇಡ ಅನ್ನಿಸಿದವರು ಅಷ್ಟು ಹೊತ್ತು ದೂರದ ಮನೆಯಲ್ಲಿ ಇರಬಹುದು, ಅವರ ಜೊತೆ ನಮ್ಮವರೊಬ್ಬರು ಇರುತ್ತಾರೆ. ಹಾರಿಸುವುದು ಒಬ್ಬರೇ ಹಿರಿಯರು, ಒಂದೇ ಸಲ. ಕುಡಿದವರ ಕೈಗೆ ಕೋವಿ ಇಲ್ಲ, ಈ ಮಾತಿನಲ್ಲಿ ಯಾರಿಗೂ ರಿಯಾಯ್ತಿ ಇಲ್ಲ. ಪಟಾಕಿ ಪೂರ್ತಿ ಬಿಟ್ಟೆವು.

ಕೆಸರುಗದ್ದೆ ಆಟದ ವಿಷಯವೂ ಇಷ್ಟೇ. ಕೊಡಗಿನಲ್ಲಿ ಎಲ್ಲ ಕಡೆ ಮಾಡುತ್ತಾರೆ, ಹುಡುಗರಿಗೆ ತುಂಬಾ ಇಷ್ಟ. ಎದೆಮಟ್ಟ ಕೆಸರಿನಲ್ಲಿ ಮಗುವನ್ನು ಹೊತ್ತು ದಾಟಿ ಬಂದವರು ಅದನ್ನು ಹೇಗೆ ನೋಡುತ್ತಾರೆ? ಅವರನ್ನೇ ಕೇಳಿ. ನಮ್ಮಲ್ಲಿ ಬೇಡ ಅಂದರು, ಒಣ ನೆಲದಲ್ಲಿ ಹಗ್ಗಜಗ್ಗಾಟ ಇಟ್ಟೆವು. ಇನ್ನೊಂದು ಊರಿನಲ್ಲಿ ಅದೇ ಜನ ಮಾಡೋಣ ಅನ್ನಬಹುದು.

7. ಹಾಡು, ಕುಣಿತ ಕಲಿಯಲು ಮೂರು ತಿಂಗಳು

ಸೆಪ್ಟೆಂಬರ್‌ನಿಂದಲೇ ಶುರು ಮಾಡಿ. ಪುನರ್ವಸತಿ ಬಡಾವಣೆಯಲ್ಲೇ, ವಾರಕ್ಕೊಂದು ಸಂಜೆ. ಹಬ್ಬದ ದಿನಕ್ಕಿಂತ ಈ ಸಂಜೆಗಳಲ್ಲೇ ಜಾಸ್ತಿ ಕೆಲಸ ಆಗುತ್ತದೆ. ಹೊಸ ಬಡಾವಣೆಯಲ್ಲಿ ಬೇರೆ ಬೇರೆ ಊರಿನವರು ಪಕ್ಕಪಕ್ಕದ ಮನೆಯಲ್ಲಿದ್ದರೂ ಪರಿಚಯ ಕಡಿಮೆ. ದುಡಿ ಸದ್ದು ಕೇಳಿದರೆ ಬಾಗಿಲು ತೆರೆಯುತ್ತದೆ.

ದುಡಿ ಬಾರಿಸುತ್ತಾ ಹಾಡುವ ದುಡಿಕೊಟ್ಟ್ ಪಾಟ್‌ಗೆ ನಾಲ್ಕು ಜನ ಬೇಕು. ಕೋಲಾಟಕ್ಕೆ ಹೆಜ್ಜೆ ತಪ್ಪದ ಒಬ್ಬ ಮುಂದಾಳು ಬೇಕು. ಹೆಣ್ಣುಮಕ್ಕಳಿಗೆ ಉಮ್ಮತ್ತಾಟ್ ಕುಣಿತ ಇದೆ. ಪರೆಯಕಳಿ ಆಟದಲ್ಲಿ ಮೊಣಕಾಲಿನ ಕೆಳಗೆ ಬೆತ್ತದ ಏಟು ಬೀಳುತ್ತದೆ, ಕಲಿಸುವವರು ಇಲ್ಲದೆ ಯಾರೂ ಇಳಿಯಬೇಡಿ. ಅರೆಭಾಷೆಯ ಸೋಬಾನೆ, ಎರವರ ಕುಣಿತ, ಇವಕ್ಕೂ ಅಷ್ಟೇ ಸಮಯ ಕೊಡಿ. ಮಡಿಕೇರಿಯಲ್ಲಿ ಕೊಡವ ಸಾಹಿತ್ಯ ಅಕಾಡೆಮಿಯೂ ಅರೆಭಾಷೆ ಅಕಾಡೆಮಿಯೂ ಇವೆ. ಕಲಿಸುವವರು ಯಾರಿದ್ದಾರೆ ಅಂತ ಅಲ್ಲಿ ವಿಚಾರಿಸಬಹುದು.

ಹಿರಿಯರು ಹಾಡುವಾಗ ಫೋನ್‌ನಲ್ಲಿ ರೆಕಾರ್ಡ್ ಮಾಡಿ, ಅವರ ಒಪ್ಪಿಗೆ ಕೇಳಿಯೇ. ಹಾಡಿನ ನಡುವೆ ನಿಲ್ಲಿಸಿ ಹಳೆಯ ಮನೆಯ ಕಥೆ ಹೇಳುತ್ತಾರೆ. ಆಗ ರೆಕಾರ್ಡಿಂಗ್ ಆಫ್ ಮಾಡಬೇಡಿ.

8. ದುಡ್ಡು

ಕಡಿಮೆ ದುಡ್ಡಿನಲ್ಲಿ ಮಾಡಿ. ನಮ್ಮ ದೊಡ್ಡ ತಪ್ಪು ಆಗಿದ್ದು ಇಲ್ಲೇ. ಮೊದಲ ವರ್ಷ ಹೊರಗಿನ ಒಬ್ಬ ದಾನಿ ಒಳ್ಳೆಯ ಮೊತ್ತ ಕೊಟ್ಟರು. ಅದರ ಜೊತೆ ದೊಡ್ಡ ಬ್ಯಾನರ್ ಬಂತು, ಅತಿಥಿಗಳು ಬಂದರು, ಎರಡು ಗಂಟೆ ಭಾಷಣ ಆಯಿತು. ಮನೆ ಕಳೆದುಕೊಂಡವರು ಹಿಂದಿನ ಸಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನೋಡಿದರು. ಅವರನ್ನು ಕರೆದು ಒಂದೊಂದು ಕಂಬಳಿ ಕೊಟ್ಟು ಫೋಟೋ ತೆಗೆದರು. ತಮ್ಮ ಊರಿನ ಹಬ್ಬಕ್ಕೆ ಬಂದವರು ಮತ್ತೆ ಸಂತ್ರಸ್ತರಾಗಿಬಿಟ್ಟರು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಈಗ ನಿಯಮ ಇದು. ವೇದಿಕೆ ಇಲ್ಲ, ಭಾಷಣ ಇಲ್ಲ, ಬ್ಯಾನರ್ ಇಲ್ಲ. ಪ್ರತಿ ಮನೆಯಿಂದ ಕೈಲಾದಷ್ಟು, ಅಕ್ಕಿ ಆದರೂ ಸರಿ, ತೆಂಗಿನಕಾಯಿ ಆದರೂ ಸರಿ, ಒಂದು ಹೊರೆ ಸೌದೆ ಆದರೂ ಸರಿ. ಯಾರು ಎಷ್ಟು ಕೊಟ್ಟರು ಅಂತ ಕೂಗಿ ಹೇಳುವುದಿಲ್ಲ. ಆದರೆ ಖರ್ಚಿನ ಲೆಕ್ಕ ಮಾತ್ರ ಮರುದಿನವೇ ಬರೆದು ಅಂಗಡಿಯ ಗೋಡೆಗೆ ಅಂಟಿಸುತ್ತೇವೆ. ಖಾತೆ ಇಬ್ಬರ ಜಂಟಿ ಹೆಸರಿನಲ್ಲಿರಲಿ. ಸರ್ಕಾರದ ಅನುದಾನಕ್ಕೆ ಅರ್ಜಿ ಹಾಕಿ, ತಪ್ಪಿಲ್ಲ. ಅದು ಬರುತ್ತದೆ ಅಂತ ಸಾಲ ಮಾಡಬೇಡಿ.

ಮಾರಾಟಕ್ಕೆ ಒಂದು ಸಾಲು ಮೇಜು ಇಡಬಹುದು. ಕಾಫಿಪುಡಿ, ಕಾಳುಮೆಣಸು, ಜೇನು, ಕಾಚಂಪುಳಿ, ಕಿತ್ತಳೆ. ತೋಟ ಕಳೆದುಕೊಂಡ ಮನೆಯ ಹೆಂಗಸರ ಸಂಘಕ್ಕೆ ಮೊದಲ ಜಾಗ. ಬಂದ ದುಡ್ಡು ಪೂರ್ತಿ ಮಾರಿದವರದ್ದೇ.

9. ಆ ದಿನ

ಪಿಕಪ್, ಜೀಪುಗಳಿಗೆ ಹೊರಡುವ ಹೊತ್ತು ನಿಗದಿ ಮಾಡಿ, ಪ್ರತಿ ಗಾಡಿಯಲ್ಲಿ ನೋಟ್‌ಬುಕ್‌ನ ಆ ಪುಟಗಳ ಪ್ರತಿ ಹಿಡಿದ ಒಬ್ಬರು ಇರಲಿ. ಸಂಜೆ ಕತ್ತಲಾಗುವ ಮೊದಲು ವಾಪಸ್ ಕಳಿಸಿ. ಆನೆ ದಾರಿ ಇರುವ ಕಡೆ ಇದು ಇನ್ನೂ ಮುಖ್ಯ. ಡಿಸೆಂಬರ್ ಚಳಿ ಗೊತ್ತಲ್ಲ, ಒಂದು ಕೋಣೆಯಲ್ಲಿ ಬೆಂಕಿ, ಕಂಬಳಿ, ಬಿಸಿನೀರು ಇಡಿ.

ಅಡುಗೆಯನ್ನು ಊರಿನ ಮನೆಗಳವರೇ ಮಾಡಲಿ, ಕೇಟರಿಂಗ್ ಬೇಡ. ತಂಬುಟ್ಟು, ಹುತ್ತರಿ ಗೆಣಸು, ಏಲಕ್ಕಿ ಪುಟ್ಟು, ಕಡಂಬುಟ್ಟು. ಪಂದಿ ಕರಿ (ಹಂದಿಮಾಂಸದ ಅಡುಗೆ) ಮಾಡಿದರೆ ಒಲೆ, ಪಾತ್ರೆ, ಬಡಿಸುವ ಜಾಗ ಎಲ್ಲ ಬೇರೆ ಇರಲಿ, ಫಲಕ ಹಾಕಿ. ತಿನ್ನದವರು ಸಂಕೋಚ ಪಡುವ ಹಾಗೆ ಆಗಬಾರದು. ನಾವು ಮಂದ್‌ನಲ್ಲಿ ಎಲ್ಲರೂ ತಿನ್ನುವ ಊಟವನ್ನೇ ಇಡುತ್ತೇವೆ.

ಶುರುವಿಗೆ ಒಂದು ದೀಪ. ತೀರಿಹೋದವರ ಹೆಸರನ್ನು ಊರಿನ ಹಿರಿಯರು ಓದುತ್ತಾರೆ, ಲೈನ್‌ಮನೆಯವರ ಹೆಸರೂ ಸೇರಿ. ಐದು ನಿಮಿಷ ಆಗುತ್ತದೆ. ಆಮೇಲೆ ವಾಲಗ. ಅಳುವವರು ಅಳಲಿ, ಕುಣಿಯುವವರು ಕುಣಿಯಲಿ, ಯಾರನ್ನೂ ಎಳೆಯಬೇಡಿ. ಕಾರ್ಯಕ್ರಮದ ಪಟ್ಟಿ ತುಂಬಿಸಬೇಡಿ. ಜನ ಸುಮ್ನೆ ಕೂತು ಮಾತಾಡಲು ಎರಡು ಗಂಟೆ ಖಾಲಿ ಬಿಡಿ. ಅವರು ಬಂದಿರುವುದೇ ಅದಕ್ಕೆ. ಪ್ರವಾಸಿಗಳು ಬಂದರೆ ಊಟ ಹಾಕಿ, ಆದರೆ ಪ್ರಚಾರ ಮಾಡಿ ಕರೆಸಬೇಡಿ. ಕುಸಿದ ಮನೆಯ ಮುಂದೆ ಸೆಲ್ಫಿ ತೆಗೆಯುವವರನ್ನು ಮೆಲ್ಲಗೆ ತಡೆಯಲು ಒಬ್ಬರನ್ನು ನೇಮಿಸಿ.

10. ನೋಟ್‌ಬುಕ್ ಮಳೆಗಾಲಕ್ಕೂ ಬೇಕು

ಕರೆಯಲು ವಾಟ್ಸಾಪ್ ಬೇಡ ಅಂದೆ, ಆದರೆ ಹಬ್ಬದ ಕೆಲಸಕ್ಕೆ ಮಾಡಿಕೊಂಡ ವಾಟ್ಸಾಪ್ ಗುಂಪನ್ನು ಹಬ್ಬ ಮುಗಿದ ಮೇಲೆ ಅಳಿಸಬೇಡಿ. ನಡೆಯಲು ಆಗದವರು ಯಾರು, ಜೀಪ್ ಯಾರ ಹತ್ತಿರ, ಯಾವ ಗಾಡಿಗೆ ಯಾವ ಮನೆ, ಎಲ್ಲವನ್ನೂ ಹಬ್ಬಕ್ಕಾಗಿ ಬರೆದಿದ್ದೀರಿ. ಮಳೆ ಜೋರಾದ ರಾತ್ರಿ ಬೇಕಾಗುವುದೂ ಇದೇ ಪಟ್ಟಿ. ಹಬ್ಬಕ್ಕೆ ಜನರನ್ನು ಕರೆತಂದ ಡ್ರೈವರ್‌ಗೆ ಆ ಮನೆಯ ದಾರಿ ಕತ್ತಲಲ್ಲೂ ಗೊತ್ತಿರುತ್ತದೆ.

ಏಪ್ರಿಲ್‌ನಲ್ಲಿ ಮತ್ತೊಮ್ಮೆ ಕೂತು ನೋಟ್‌ಬುಕ್ ತಿದ್ದಿ. ಊರಿನಲ್ಲಿ ಇನ್ನೂ ಇರುವವರಲ್ಲಿ ಯಾರು ಮಳೆಗಾಲದಲ್ಲಿ ಯಾರ ಮನೆಗೆ ಹೋಗುತ್ತಾರೆ ಅಂತ ಆಗಲೇ ಮಾತಾಡಿ ಬರೆಯಿರಿ. ಜಿಲ್ಲಾ ಕಂಟ್ರೋಲ್ ರೂಮ್‌ನ 1077, ತುರ್ತಿನ 112 ಮೊದಲ ಪುಟದಲ್ಲಿ ದೊಡ್ಡದಾಗಿರಲಿ. ತೋಟದವರ ಹತ್ತಿರ ಮಳೆಮಾಪಕ ಇದ್ದೇ ಇರುತ್ತದೆ. ನಮ್ಮಲ್ಲಿ ಮಳೆಯನ್ನು ಇಂಚು, ಸೆಂಟ್‌ಗಳಲ್ಲಿ ಹೇಳುತ್ತೇವೆ, ನೂರು ಸೆಂಟ್ ಅಂದರೆ ಒಂದು ಇಂಚು. ದಿನಾ ಬೆಳಿಗ್ಗೆ ಅಳತೆಯನ್ನು ಗುಂಪಿನಲ್ಲಿ ಹಾಕುವ ಕೆಲಸ ಒಬ್ಬರಿಗೆ ಒಪ್ಪಿಸಿ.

ನಮ್ಮಲ್ಲಿ ಆ ಕೆಲಸ ದುಡಿ ಕಲಿಯುತ್ತಿರುವ ಒಬ್ಬ ಹುಡುಗಿಯದ್ದು. ಕಳೆದ ಜುಲೈನ ಒಂದು ಬೆಳಿಗ್ಗೆ ಅವಳು ಹಾಕಿದ್ದು ಇಷ್ಟು: "ನಿನ್ನೆಯಿಂದ 6 ಇಂಚು 40 ಸೆಂಟ್. ಮೇಲಿನ ಮನೆ ಅಜ್ಜಿ ರಾತ್ರಿಯೇ ನಮ್ಮನೆಗೆ ಬಂದಿದ್ದಾರೆ. ಗದ್ದೆಯ ಸಸಿ ಚೆನ್ನಾಗಿದೆ."